ತಗಡಿನ ಟೋಪಿ, ಉಣ್ಣೆಯ ಟೋಪಿ ಮತ್ತು ನನ್ನ ಹುಚ್ಚು

ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಕೆಲಸಕ್ಕೆ ಬಂದು ಎರಡನೇ ವರ್ಷ ನಡೆಯುತ್ತಿತ್ತು. ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಪ್ರತಿ ಶನಿವಾರ ಹಳೇ ಸಾಮಾನಿನ ಸಂತೆ ಸೇರುತ್ತದೆ. ನಾನು ಕಾಫಿ ಲೋಟ ಹುಡುಕಲು ಹೋಗಿದ್ದೆ. ಒಬ್ಬ ಮುದುಕರ ಮೇಜಿನ ಮೇಲೆ ಕಪ್ಪು ಬಣ್ಣ ಬಳಿದ, ನೆತ್ತಿಯಲ್ಲಿ ಮೊಳೆಯಂಥ ಚೂಪು ಇರುವ, ಹಳೇ ಕಾಲದ ಜರ್ಮನ್ ಸೈನಿಕರ ಟೋಪಿ ಕೂತಿತ್ತು. ಬೆರಳಲ್ಲಿ ತಟ್ಟಿದೆ. ಸೀಮೆಎಣ್ಣೆ ಡಬ್ಬ ತಟ್ಟಿದ ಹಾಗೆ ಟಣ್ ಅಂತು. ನನಗೆ ನಗು ಬಂತು. ಮುದುಕರು ನಗಲಿಲ್ಲ. "ಎರ್ಸಾಟ್ಜ್" ಅಂದರು, ಅಷ್ಟೇ.

ಎರ್ಸಾಟ್ಜ್ ಅಂದರೆ ಬದಲಿ. ಅವತ್ತು ವಾಪಸ್ ಬಂದೆ, ಆದರೆ ವಾರವಿಡೀ ಆ ಟಣ್ ಸದ್ದು ತಲೆಯಲ್ಲೇ ಇತ್ತು. ಮುಂದಿನ ಶನಿವಾರ ಹೋಗಿ ಒಂದು ತಿಂಗಳ ಬಾಡಿಗೆಯಷ್ಟು ದುಡ್ಡು ಕೊಟ್ಟು ತಂದೆ. ಮನೆಯಲ್ಲಿ ನಿಜವಾದ ಬೆಲೆ ಹೇಳಲಿಲ್ಲ.

ಈ ಚೂಪು ಟೋಪಿಗೆ ಪಿಕೆಲ್‌ಹೌಬೆ ಅಂತ ಹೆಸರು. ಜರ್ಮನ್ ರಾಜ್ಯಗಳಲ್ಲಿ ದೊಡ್ಡದಾದ ಪ್ರಷ್ಯಾದ ಸೈನ್ಯಕ್ಕೆ ಅದು ಬಂದದ್ದು 1842ರಲ್ಲಿ, ನಾಲ್ಕನೇ ಫ್ರೆಡ್ರಿಕ್ ವಿಲ್ಹೆಲ್ಮ್ ರಾಜನ ಕಾಲದಲ್ಲಿ. ಗಟ್ಟಿ ಮಾಡಿದ ಚರ್ಮ, ಅದರ ಮೇಲೆ ಹಿತ್ತಾಳೆಯ ಲಾಂಛನ, ಹಿತ್ತಾಳೆಯ ಚೂಪು. ಚರ್ಮ ಹೆಚ್ಚಾಗಿ ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬರುತ್ತಿತ್ತು. 1914ರಲ್ಲಿ ಯುದ್ಧ ಶುರುವಾಯಿತು, ಬ್ರಿಟಿಷ್ ನೌಕಾಪಡೆ ಸಮುದ್ರದ ದಾರಿ ಮುಚ್ಚಿತು. ಚರ್ಮ ನಿಂತುಹೋಯಿತು. ಆದರೆ ಲಕ್ಷಗಟ್ಟಲೆ ಹುಡುಗರು ಸೈನ್ಯಕ್ಕೆ ಸೇರುತ್ತಿದ್ದರು, ಅವರ ತಲೆಗೆ ಏನಾದರೂ ಬೇಕಲ್ವಾ? ಆಗ ಕೈಗೆ ಸಿಕ್ಕಿದ್ದರಲ್ಲೆಲ್ಲ ಟೋಪಿ ಮಾಡಿದರು. ಒತ್ತಿ ಗಟ್ಟಿ ಮಾಡಿದ ಉಣ್ಣೆ, ತೆಳು ಉಕ್ಕಿನ ತಗಡು, ವಲ್ಕನ್ ಫೈಬರ್ (ರಾಸಾಯನಿಕ ಹಾಕಿ ಗಟ್ಟಿ ಮಾಡಿದ ನಾರಿನ ಹಾಳೆ), ಕೊನೆಗೆ ಕಾಗದದ ರಟ್ಟು ಕೂಡ.

ಹಿತ್ತಾಳೆಗೂ ಅದೇ ಗತಿ. ತಾಮ್ರವೆಲ್ಲ ಗುಂಡು, ಶೆಲ್ಲುಗಳಿಗೆ ಬೇಕಾಯಿತು. 1915ರ ಮಾದರಿಯಲ್ಲಿ ಲಾಂಛನ, ಚೂಪು ಎಲ್ಲ ಬೂದು ಬಣ್ಣದ ಉಕ್ಕಿಗೆ ಇಳಿದವು. (1917ರಲ್ಲಿ ಚರ್ಚಿನ ಗಂಟೆಗಳನ್ನೇ ಇಳಿಸಿ ಕರಗಿಸಿದರು. ಟೋಪಿ ಯಾವ ಲೆಕ್ಕ.)

ಹೊಳೆಯುವ ಚರ್ಮದ ಟೋಪಿ ಎಲ್ಲರಿಗೂ ಇಷ್ಟ, ನನಗೆ ಯಾಕೋ ಅದು ಹಿಡಿಸಲಿಲ್ಲ. ನನ್ನ ಕಣ್ಣಿಗೆ ಅದು ಮೆರವಣಿಗೆಯ ಟೋಪಿ. ಬದಲಿ ಟೋಪಿಯಲ್ಲಿ ಒಂದು ದೇಶದ ಉಗ್ರಾಣ ಖಾಲಿಯಾಗುತ್ತಿರುವುದು ಕಾಣುತ್ತದೆ. ಸಿಗುವುದೂ ಕಷ್ಟ. 1916ರಲ್ಲಿ ಫ್ರಾನ್ಸಿನ ವೆರ್ಡನ್ ಕದನದ ಹೊತ್ತಿಗೆ ಉಕ್ಕಿನ ಹೆಲ್ಮೆಟ್ ಬಂತು, ಇವು ಮೂಲೆ ಸೇರಿದವು. ಯುದ್ಧ ಮುಗಿದ ಮೇಲೆ ಅಮೆರಿಕದವರು ಕೊಬ್ಲೆನ್ಸ್‌ನ ಉಗ್ರಾಣದಿಂದ ರಾಶಿ ಟೋಪಿ ಸಾಗಿಸಿ, 1919ರಲ್ಲಿ ಯುದ್ಧದ ಖರ್ಚಿಗೆ ಸರ್ಕಾರದ ಸಾಲಪತ್ರ ಮಾರಲು ನ್ಯೂಯಾರ್ಕ್‌ನಲ್ಲಿ ಪಿರಮಿಡ್ ಕಟ್ಟಿ ನಿಲ್ಲಿಸಿದರು. ಬೂದು ಲಾಂಛನದ ಚರ್ಮದ ಟೋಪಿ ಇವತ್ತೂ ಅಲ್ಲಲ್ಲಿ ಸಿಗುತ್ತದೆ. ಉಣ್ಣೆಯದನ್ನು ನುಸಿ ತಿಂದಿತು, ತಗಡಿನದು ತುಕ್ಕು ಹಿಡಿಯಿತು.

ತಗಡು ಆಯಿತು, ಇನ್ನು ಉಣ್ಣೆ ಬೇಕು ಅನಿಸಿತು. ಇಲ್ಲೇ ನಾನು ಚೆನ್ನಾಗಿ ಮೋಸ ಹೋದೆ. ಒಬ್ಬ ವ್ಯಾಪಾರಿ ಫೋಟೋ ಕಳಿಸಿದ. ಉಣ್ಣೆಯ ಟೋಪಿ, ಮುಂದೆ ಸ್ಟಟ್‌ಗಾರ್ಟ್ ರಾಜಧಾನಿಯಾಗಿದ್ದ ವ್ಯುರ್ಟೆಂಬರ್ಗ್ ರಾಜ್ಯದ ಲಾಂಛನ, ಅದರಲ್ಲಿ "ಭಯವಿಲ್ಲದ, ನಂಬಿಗಸ್ತ" ಎಂಬ ಅರ್ಥದ ಜರ್ಮನ್ ಮಾತು. ನಾನಿರುವ ಊರಿನದೇ ಸೈನ್ಯ! ಕಣ್ಣು ಮುಚ್ಚಿ ದುಡ್ಡು ಕಳಿಸಿದೆ. ಬಂದ ಮೇಲೆ ಲಾಂಛನ ಬಿಚ್ಚಿ ನೋಡಿದೆ. ಅದರ ಹಿಂದೆ ಎರಡು ಕೊಂಡಿ ಇರುತ್ತವೆ. ಅವು ಟೋಪಿಯ ತೂತಿನೊಳಗೆ ಹೋಗಿ, ಒಳಗಡೆ ಚರ್ಮದ ಸಣ್ಣ ತುಂಡಿನಿಂದ ಬಿಗಿಯಾಗುತ್ತವೆ. ಎರಡು ತೂತು ಇರಬೇಕಾದಲ್ಲಿ ನಾಲ್ಕು ಇದ್ದವು. ಎರಡರ ಅಂಚು ಕಪ್ಪಾಗಿ, ಒತ್ತಿ ಒತ್ತಿ ನುಣುಪಾಗಿತ್ತು. ಇನ್ನೆರಡರ ಅಂಚಿನಲ್ಲಿ ಉಣ್ಣೆ ತಿಳಿ ಬಣ್ಣದಲ್ಲಿ ನವಿರಾಗಿ ಎದ್ದಿತ್ತು, ಹೋದ ವಾರ ಕೊರೆದ ಹಾಗೆ. ಬೇರೆ ಯಾವುದೋ ರಾಜ್ಯದ ಟೋಪಿಗೆ ಜಾಸ್ತಿ ಬೆಲೆ ಬರುವ ಲಾಂಛನ ಚುಚ್ಚಿದ್ದರು. ವ್ಯಾಪಾರಿ ಆಮೇಲೆ ಫೋನ್ ಎತ್ತಲಿಲ್ಲ.

ಅಂದಿನಿಂದ ಲಾಂಛನ ಬಿಚ್ಚಿದ ಫೋಟೋ ಇಲ್ಲದೆ ನಾನು ಮಾತೇ ಆಡುವುದಿಲ್ಲ. ಜೇಬಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಬೂದು ಬಣ್ಣದ ಲಾಂಛನ ಅದಕ್ಕೆ ಅಂಟದಿದ್ದರೆ ಹಿತ್ತಾಳೆಗೆ ಬಣ್ಣ ಬಳಿದಿರಬಹುದು ಅಂತ ಅನುಮಾನ. ಹಾಗಂತ ತಗಡಿನ ಟೋಪಿ ಮೇಲೆ ಹಿತ್ತಾಳೆ ಕಂಡ ಕೂಡಲೇ ನಕಲಿ ಅನ್ನಬೇಡಿ. ಶುರುವಿನ ತಿಂಗಳುಗಳಲ್ಲಿ ಹಿತ್ತಾಳೆಯನ್ನೇ ಹಾಕುತ್ತಿದ್ದರು. ಟೋಪಿ ಒಳಗೆ, ಹಿಂಭಾಗದಲ್ಲಿ ಉಡುಪು ಉಗ್ರಾಣದ ಮುದ್ರೆ ಹುಡುಕುತ್ತೇನೆ. 'ಬಿ.ಎ.' ಅಂತ ಇದ್ದು ಪಕ್ಕದಲ್ಲಿ ರೋಮನ್ ಹದಿಮೂರು ಇದ್ದರೆ ಅದು ವ್ಯುರ್ಟೆಂಬರ್ಗ್‌ನ 13ನೇ ಸೇನಾದಳದ್ದು. ಮುದ್ರೆ ಒಂದು ಕಡೆ, ಲಾಂಛನ ಇನ್ನೊಂದು ಕಡೆ ಕೈ ತೋರಿಸಿದರೆ ಸುಮ್ನೆ ಎದ್ದು ಬರುತ್ತೇನೆ. ಗೊಂದಲವಾದರೆ ರಾಸ್ಟಾಟ್ ಊರಿನ ಅರಮನೆಯಲ್ಲಿರುವ ಸೈನಿಕ ವಸ್ತುಸಂಗ್ರಹಾಲಯಕ್ಕೆ ಹೋಗಿ ಗಾಜಿಗೆ ಮೂಗು ತಾಗಿಸಿ ನಿಲ್ಲುತ್ತೇನೆ. ಅಲ್ಲಿಯ ಕಾವಲಿನವರಿಗೆ ಈಗ ನನ್ನ ಮುಖ ಪರಿಚಯ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಒಂದು ಹಿತ್ತಾಳೆ ಲಾಂಛನ ತೋರಿಸಿದೆ. "ಏನೋ ಇದು, ದೇವರ ಮನೆ ಪಾತ್ರೆಗಿಂತ ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ತಿಕ್ಕೋ" ಅಂದರು. ತಿಕ್ಕಿದೆ. ಐದು ನಿಮಿಷದಲ್ಲಿ ದೀಪಾವಳಿಯ ದೀಪದ ಹಾಗೆ ಫಳಫಳ. ನೂರು ವರ್ಷ ಕೂತಿದ್ದ ಕಂದು ಬಣ್ಣ ಸಿಂಕಿನಲ್ಲಿ ಹರಿದುಹೋಯಿತು. ಸಂತೆಯ ಮುದುಕರಿಗೆ ತೋರಿಸಿದಾಗ ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ಪುಣ್ಯಕ್ಕೆ ಬೂದು ಉಕ್ಕಿನ ಲಾಂಛನಕ್ಕೆ ಈ ವೈದ್ಯ ಮಾಡಲಿಲ್ಲ. ಆ ಹುಳಿಗೆ ಬಣ್ಣವೂ ಹೋಗಿ, ಮಾರನೇ ದಿನಕ್ಕೆ ತುಕ್ಕೂ ಬರುತ್ತಿತ್ತು. ಈಗ ತಗಡಿಗೆ ಒಣ ಬಟ್ಟೆ, ಮೇಲೆ ತೆಳುವಾಗಿ ಮೇಣ. ಬಣ್ಣ ಚಕ್ಕೆ ಎದ್ದಿದ್ದರೆ ಹಾಗೇ ಬಿಡುತ್ತೇನೆ, ಮುಟ್ಟುವುದೇ ಇಲ್ಲ.

ಉಣ್ಣೆಯ ಶತ್ರು ನುಸಿ. ಹೊಸದಾಗಿ ಬಂದ ಉಣ್ಣೆ ಟೋಪಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿ ಇಡುತ್ತೇನೆ. ಆ ಚಳಿಗೆ ಹುಳ, ಮೊಟ್ಟೆ ಎಲ್ಲ ಸಾಯುತ್ತವೆ. ತೆಗೆದ ಮೇಲೂ ಚೀಲ ತಕ್ಷಣ ಬಿಚ್ಚಬಾರದು, ಟೋಪಿ ಕೋಣೆಯ ಬಿಸಿಗೆ ಬರಲಿ. ಇಲ್ಲದಿದ್ದರೆ ಅದರ ಮೇಲೆ ನೀರು ಕೂರುತ್ತದೆ. "ರೀ, ತೆಂಗಿನ ತುರಿ ಇಡೋ ಜಾಗದಲ್ಲಿ ಸತ್ತವರ ಟೋಪಿ ಇಟ್ಟಿದ್ದೀರಲ್ಲ" ಅಂತ ಹೆಂಡತಿ ಬೈದಳು. ಅದಕ್ಕೆ ಉತ್ತರ ಇರಲಿಲ್ಲ, ಸಣ್ಣದೊಂದು ಬೇರೆ ಫ್ರೀಜರ್ ತಂದೆ.

ಈಗ ನನ್ನ ಹತ್ತಿರ ಇರುವುದು ನಾಲ್ಕೇ. ಅದರಲ್ಲಿ ನಾಲ್ಕು ತೂತಿನ ಟೋಪಿಯೂ ಒಂದು. ಮಾರಲು ಮನಸ್ಸು ಬಂದಿಲ್ಲ, ಹೊಸಬರಿಗೆ ತೋರಿಸಲು ಬೇಕಾಗುತ್ತದೆ. ಮೊದಲ ತಗಡಿನ ಟೋಪಿಯ ಬಲಗಡೆ ಸಾಮ್ರಾಜ್ಯದ ಕಪ್ಪು-ಬಿಳಿ-ಕೆಂಪು ಬಿಲ್ಲೆ ಇದೆ. ಎಡಗಡೆ ರಾಜ್ಯದ ಬಿಲ್ಲೆ ಇಲ್ಲ. ವ್ಯುರ್ಟೆಂಬರ್ಗ್‌ನದು ಕಪ್ಪು-ಕೆಂಪು. ಮುದುಕರು ಅಟ್ಟದ ಮೇಲಿನ ಡಬ್ಬದಲ್ಲಿ ಒಂದಿರಬೇಕು, ಹುಡುಕುತ್ತೇನೆ ಅಂದಿದ್ದಾರೆ. ಹೀಗೆ ಹೇಳುತ್ತಾ ಮೂರು ವರ್ಷ ಆಯಿತು. ಈ ಶನಿವಾರ ಮಳೆ ಬರದಿದ್ದರೆ ಮತ್ತೆ ಕೇಳಿ ನೋಡಬೇಕು.