ಮೆಟ್ನರ್ ರೆಕಾರ್ಡು ಇಟ್ಟುಕೊಂಡು ಪಿಯಾನೋ ಕಲಿತದ್ದು

ಜಯಚಾಮರಾಜೇಂದ್ರ ಒಡೆಯರ್ ಅಂದರೆ ನಮಗೆ ನೆನಪಾಗುವುದು ಶ್ರೀವಿದ್ಯಾ ಅಂಕಿತದ ಕೃತಿಗಳು. ಪಿಯಾನೋ ನುಡಿಸುವವರಿಗೆ ಇನ್ನೊಂದು ಹೆಸರೂ ನೆನಪಾಗುತ್ತದೆ: ರಷ್ಯದ ಸಂಗೀತ ರಚನಕಾರ, ಪಿಯಾನೋ ವಾದಕ ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ನಂತರ 1921ರಲ್ಲಿ ರಷ್ಯಾ ಬಿಟ್ಟು, ಜರ್ಮನಿ, ಫ್ರಾನ್ಸ್ ಸುತ್ತಿ ಲಂಡನ್ ಸೇರಿದವರು. ಬರೆದದ್ದರಲ್ಲೆಲ್ಲ ಪಿಯಾನೋ ಇದ್ದೇ ಇದೆ. ವಯಸ್ಸಾಯಿತು, ಹೃದಯದ ಕಾಯಿಲೆ ಬಂತು, ಕೇಳುವವರೂ ಕಮ್ಮಿಯಾದರು. ಆಗ ನಮ್ಮ ಮಹಾರಾಜರು ದುಡ್ಡು ಕೊಟ್ಟರು, ಎಚ್‌ಎಂವಿ ರೆಕಾರ್ಡ್ ಮಾಡಿತು. 1947ರಲ್ಲಿ, 67ರ ವಯಸ್ಸಿನಲ್ಲಿ, ಮೆಟ್ನರ್ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ತಮ್ಮ ಕಾನ್ಚೆರ್ಟೊಗಳನ್ನು (ಪಿಯಾನೋ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ದೊಡ್ಡ ರಚನೆಗಳನ್ನು) ನುಡಿಸಿದರು. ಮೂರನೆಯದು ಮಹಾರಾಜರಿಗೇ ಅರ್ಪಣೆ.

ನಾನು ಕಲಿಯಲು ಹಿಡಿದದ್ದು ಅಷ್ಟು ದೊಡ್ಡದನ್ನಲ್ಲ. ಅವರು 'ಸ್ಕಾಜ್ಕಾ' ಅಂತ ಕರೆದ ಪುಟ್ಟ ರಚನೆಗಳಿವೆ, ಕಥೆ ಹೇಳಿದ ಹಾಗಿರುತ್ತವೆ. ಅದರಲ್ಲಿ ಓಪಸ್ 20ರ (ಓಪಸ್ ಅಂದರೆ ರಚನೆಯ ಕ್ರಮಸಂಖ್ಯೆ) ಮೊದಲನೆಯದು, ಬಿ ಫ್ಲ್ಯಾಟ್ ಮೈನರ್ ಸ್ವರಶ್ರೇಣಿಯಲ್ಲಿರುವುದು. ಸ್ವತಃ ಅವರೇ ನುಡಿಸಿದ ರೆಕಾರ್ಡು ಸಿಗುತ್ತದೆ.

ಮೊದಲ ತೊಂದರೆ ಶ್ರುತಿಯದು. ಹಳೆಯ 78 ಆರ್‌ಪಿಎಂ ತಟ್ಟೆ ತಿರುಗುವ ವೇಗ ಒಂಚೂರು ಆಚೀಚೆ ಆದರೂ ಸ್ವರ ಏರುತ್ತದೆ, ಇಲ್ಲವೇ ಇಳಿಯುತ್ತದೆ. ಮನೆಯ ಪಿಯಾನೋ ಜೊತೆ ಕೂಡಿಸಿ ನುಡಿಸಿದರೆ ಕಿವಿಗೆ ಕಿರಿಕಿರಿ. ಅದಕ್ಕೆ ಕಂಪ್ಯೂಟರ್‌ನಲ್ಲಿ ರೆಕಾರ್ಡಿನ ಶ್ರುತಿಯನ್ನೇ ನನ್ನ ಪಿಯಾನೋಗೆ ಹೊಂದಿಸಿಕೊಂಡೆ. ಆಮೇಲೆ ವೇಗವನ್ನು ಮುಕ್ಕಾಲಿಗೆ ಇಳಿಸಿದೆ. ಅದಕ್ಕಿಂತ ಇಳಿಸಿದರೆ ಸ್ವರಗಳೆಲ್ಲ ಕಲಸಿಹೋಗುತ್ತವೆ. ಇನ್ನೊಂದು ಮಾತು: ಹಿಸ್ ಅಂತ ಬರುವ ಸದ್ದನ್ನು ಪೂರ್ತಿ ಒರೆಸಿದ ಪ್ರತಿ ಬೇಡ. ಸದ್ದಿನ ಜೊತೆ ಪಿಯಾನೋದ ಮೇಲಿನ ಸ್ವರಗಳ ಹೊಳಪೂ ಹೋಗಿರುತ್ತದೆ. ಸದ್ದು ಇರಲಿ ಬಿಡಿ, ಸ್ವಲ್ಪ ಹೊತ್ತಿಗೆ ಕಿವಿ ಒಗ್ಗಿಹೋಗುತ್ತದೆ.

ಕೇಳಿದ್ದು ಮಾತ್ರ ಹೆಡ್‌ಫೋನಿನಲ್ಲೇ, ಸ್ವರಲಿಪಿಯ ಪುಸ್ತಕ ಮುಂದಿಟ್ಟುಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು. ಒಂದು ಸಲಕ್ಕೆ ನಾಲ್ಕೇ ಬಾರ್, ಅಂದರೆ ಸ್ವರಲಿಪಿಯಲ್ಲಿ ಗೆರೆ ಹಾಕಿ ವಿಂಗಡಿಸಿದ ನಾಲ್ಕೇ ತಾಳದ ಭಾಗ. ಬಲಗೈ ರಾಗದ ಮೇಲೆ ಎಲ್ಲರಿಗೂ ಗಮನ ಹೋಗುತ್ತದೆ. ನಾನು ಎಡಗೈಯನ್ನು ಹಿಂಬಾಲಿಸಿದೆ. ರಾಗದ ಒಂದು ಸಾಲು ಮುಗಿಯುವಾಗ ನಾವೆಲ್ಲ ಉಸಿರು ಬಿಟ್ಟು ನಿಧಾನ ಮಾಡ್ತೀವಿ, ಅಲ್ವಾ? ನನಗೆ ಕೇಳಿಸಿದ ಮಟ್ಟಿಗೆ ಅವರ ಎಡಗೈ ಅಲ್ಲಿ ಕಾಯುವುದಿಲ್ಲ, ಮುಂದಿನ ಸಾಲಿಗೆ ನಡೆದೇಬಿಡುತ್ತದೆ. ಹಾಗೆ ನಿಲ್ಲದೆ ಹೋಗುವುದರಿಂದಲೇ ಕೊನೆಯ ಭಾಗಕ್ಕೆ ಅಷ್ಟು ಬಲ ಬರುತ್ತದೆ ಅನ್ನಿಸಿತು. ಪುಸ್ತಕದಲ್ಲಿ ನಾನೇ ಬರೆದುಕೊಂಡಿದ್ದ 'ನಿಧಾನ' ಗುರುತುಗಳನ್ನೆಲ್ಲ ಅಳಿಸಿದೆ.

ಮೆಟ್ನರ್ ನಿಮಗೆ ಹೊಸಬರಾದರೆ ಸೋಲೋ ರೆಕಾರ್ಡಿನಿಂದ ಶುರು ಮಾಡಬೇಡಿ. 1950ರಲ್ಲಿ ಗಾಯಕಿ ಎಲಿಜಬೆತ್ ಶ್ವಾರ್ಜ್‌ಕೋಫ್ ಹಾಡಿಗೆ ಮೆಟ್ನರ್ ಅವರೇ ಪಿಯಾನೋ ನುಡಿಸಿದ್ದಾರೆ, ಅದನ್ನು ಮೊದಲು ಕೇಳಿ. ಹಾಡುವವರಿಗೆ ಜಾಗ ಬಿಡುತ್ತಲೇ ತಾಳವನ್ನು ಕೈಯಲ್ಲೇ ಇಟ್ಟುಕೊಳ್ಳುತ್ತಾರೆ. ಅದು ಕಿವಿಗೆ ಹತ್ತಿದರೆ ಸ್ಕಾಜ್ಕಾಗಳು ಸುಲಭ.

ಕಾನ್ಚೆರ್ಟೊಗಳು ಆಮೇಲೆ. ಎರಡನೆಯದು ಗೆಳೆಯ, ರಷ್ಯದವರೇ ಆದ ರಚನಕಾರ ರಾಕ್ಮನಿನಾಫ್‌ಗೆ ಅರ್ಪಿಸಿದ್ದು. ಅವರು ತಿರುಗಿ ತಮ್ಮ ನಾಲ್ಕನೆಯದನ್ನು ಮೆಟ್ನರ್‌ಗೆ ಕೊಟ್ಟರು. ಎರಡನ್ನೂ ಒಂದೇ ಸಂಜೆ ಕೇಳಿ ನೋಡಿದೆ. ರಾಕ್ಮನಿನಾಫ್ ರಾಗಗಳೇ ತಲೆಯಲ್ಲಿ ಕೂತುಬಿಟ್ಟವು, ಮೆಟ್ನರ್‌ಗೆ ಜಾಗವೇ ಉಳಿಯಲಿಲ್ಲ. ಬೇರೆ ಬೇರೆ ದಿನ ಕೇಳುವುದೇ ವಾಸಿ.