ಹಳೇ ಯುವಾನ್–ಲೆವ್ ದರ ಬೇಕಾ? ಯೂರೋ ಹಿಡ್ಕೊಂಡು ಹೋಗಿ

ಚೀನಾದ ಯುವಾನ್‌ಗೆ ಬಲ್ಗೇರಿಯಾದ ಲೆವ್ ಯಾವ ವರ್ಷ ಎಷ್ಟಿತ್ತು ಅಂತ ನೇರವಾಗಿ ಹುಡುಕಬೇಡಿ. ಹುಡುಕಿದರೆ ಹತ್ತು ಸೈಟು ಸಿಗುತ್ತವೆ, ಒಂದೊಂದರಲ್ಲಿ ಒಂದೊಂದು ಅಂಕಿ. ಡಾಲರ್, ಯೂರೋ ಥರ ಈ ಎರಡನ್ನೂ ನೇರವಾಗಿ ಕೊಟ್ಟು ತಗೊಳ್ಳುವ ದೊಡ್ಡ ಪೇಟೆ ಯಾವತ್ತೂ ಇರಲಿಲ್ಲ. ಆ ಸೈಟುಗಳೂ ಮಧ್ಯೆ ಯೂರೋ ಇಲ್ಲವೇ ಡಾಲರ್ ಇಟ್ಟುಕೊಂಡೇ ಲೆಕ್ಕ ಹಾಕುತ್ತವೆ. ಅದನ್ನ ನಾವೇ ಹಾಕಬಹುದು, ಕ್ಯಾಲ್ಕುಲೇಟರ್ ಸಾಕು.

ಬೆಳಗಾವಿಯಲ್ಲಿ ಕೂತವರಿಗೆ ಇದು ಯಾಕೆ ಬೇಕು ಅಂತೀರಾ? ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿಗಳ ಅಕೌಂಟ್ಸ್ ನೋಡುವವರು ಹಾಗೆ ಕೇಳುವುದಿಲ್ಲ. ನಮ್ಮಲ್ಲಿ ಹೈಡ್ರಾಲಿಕ್ಸ್‌ಗೆ ಬೇಕಾಗುವ ಕಾಸ್ಟಿಂಗ್ ಆಗುತ್ತದೆ, ಬಲ್ಗೇರಿಯಾದ ಕಝಾನ್ಲಕ್ ಹೈಡ್ರಾಲಿಕ್ಸ್‌ಗೆ ಹೆಸರಾದ ಊರು. ಅಂಥ ಕಡೆಯ ಗಿರಾಕಿ ಹಳೇ ಫೈಲ್ ತೆಗೆದು, ‘ಚೀನಾದವರು 2008ರಲ್ಲಿ ಈ ಪೀಸನ್ನ 18 ಲೆವ್‌ಗೆ ಕೊಡ್ತಿದ್ರು, ನೀವ್ಯಾಕೆ ಇಷ್ಟು ಹೇಳ್ತೀರಿ’ ಅಂದರೆ ಮಾಲಕರು ನಿಮ್ಮ ಕಡೆ ತಿರುಗಿ, ‘ಅವಾಗ ಯುವಾನ್ ಎಷ್ಟಿತ್ತು ನೋಡ್ರಿ’ ಅಂತಾರೆ. ಅಲ್ಲಿಂದ ನಿಮ್ಮ ಕೆಲಸ ಶುರು.

ಇಡೀ ಲೆಕ್ಕ ನಿಂತಿರೋದು ಒಂದು ಅಂಕಿಯ ಮೇಲೆ: 1 ಯೂರೋ ಅಂದರೆ 1.95583 ಲೆವ್. ಯೂರೋ ಬಂದಾಗಿನಿಂದ ಲೆವ್ ಹೋಗುವ ತನಕ ಇದು ಬದಲಾಗಲೇ ಇಲ್ಲ. ಹಾಗಾಗಿ ನಿಮಗೆ ಬೇಕಾದ ದಿನ ಯೂರೋಗೆ ಎಷ್ಟು ಯುವಾನ್ ಇತ್ತು ಅನ್ನೋದೊಂದು ಸಿಕ್ಕರೆ ಮುಗೀತು. 1.95583 ಅನ್ನು ಆ ಅಂಕಿಯಿಂದ ಭಾಗಿಸಿ, 1 ಯುವಾನ್‌ಗೆ ಎಷ್ಟು ಲೆವ್ ಅಂತ ಬರುತ್ತದೆ. ಯೂರೋ 7.80 ಯುವಾನ್ ಇದ್ದ ದಿನ ಅಂದುಕೊಳ್ಳಿ, ಉತ್ತರ 0.2507. ತಿರುಗಿಸಿ ಭಾಗಿಸಿದರೆ 1 ಲೆವ್‌ಗೆ 3.988 ಯುವಾನ್.

ಯೂರೋ–ಯುವಾನ್ ದರಕ್ಕೆ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಸೈಟಿಗೆ ಹೋಗಿ. ದಿನದಿನದ ರೆಫರೆನ್ಸ್ ದರ ಪುಕ್ಕಟೆ ಸಿಗುತ್ತದೆ, ಪೂರ್ತಿ ಇತಿಹಾಸವನ್ನ ಒಂದೇ ಫೈಲಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆಯಬಹುದು. ಯುವಾನ್ ಕಾಲಮ್ ಮಾತ್ರ 2005ರ ಏಪ್ರಿಲ್‌ನಿಂದ ಶುರುವಾಗುತ್ತದೆ. ಶನಿವಾರ, ಭಾನುವಾರ, ಗುಡ್ ಫ್ರೈಡೇ, ಮೇ 1, ಕ್ರಿಸ್‌ಮಸ್‌ಗೆ ದರ ಇರುವುದಿಲ್ಲ, ಹಿಂದಿನ ಕೆಲಸದ ದಿನದ್ದು ತಗೊಳ್ಳಿ. ಚೀನಾದಲ್ಲಿ ಅಕ್ಟೋಬರ್ ಮೊದಲ ವಾರ ರಜೆ ಇದ್ದರೂ ಇಲ್ಲಿ ದರ ಬರುತ್ತಲೇ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಈಗ ಆ 18 ಲೆವ್ ವಿಷಯಕ್ಕೆ ಬರೋಣ. 2008ರ ಏಪ್ರಿಲ್ ಸುಮಾರಿಗೆ ಯೂರೋ 11 ಯುವಾನ್ ಹತ್ತಿರ ಇತ್ತು. ಅಂದರೆ 100 ಯುವಾನ್ ಮಾಲು ಬಲ್ಗೇರಿಯಾದವನಿಗೆ 17.78 ಲೆವ್‌ಗೆ ಬೀಳುತ್ತಿತ್ತು. 2015ರ ಏಪ್ರಿಲ್‌ಗೆ ಬನ್ನಿ, ಯೂರೋ ಸುಮಾರು 6.6 ಯುವಾನ್‌ಗೆ ಇಳಿದಿತ್ತು, ಅದೇ 100 ಯುವಾನ್ ಮಾಲಿಗೆ 29.63 ಲೆವ್. ಚೀನಾದವನು ಒಂದು ಪೈಸೆ ಏರಿಸದಿದ್ದರೂ ಗಿರಾಕಿಗೆ ರೇಟು ಒಂದೂವರೆ ಪಟ್ಟಿಗಿಂತ ಜಾಸ್ತಿ ಆಯಿತು. ಇದನ್ನ ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟರೆ ಚೌಕಾಶಿ ಮಾಡುವ ದನಿಯೇ ಬೇರೆ ಆಗುತ್ತದೆ.

2005ಕ್ಕಿಂತ ಹಿಂದಿನದು ಬೇಕಾದರೆ ಡಾಲರ್ ದಾರಿ ಹಿಡಿಯಬೇಕು. ಅಮೆರಿಕದ ಫೆಡರಲ್ ರಿಸರ್ವ್ ಬಳಿ ಡಾಲರ್–ಯುವಾನ್ ದರ 1981ರಿಂದ ಇದೆ. ಆದರೆ 1997ರ ಕೊನೆಯಿಂದ 2005ರ ಜುಲೈ 21ರ ತನಕ ಅದನ್ನ ನೋಡುವುದೂ ಸುಮ್ನೆ, ಯಾಕಂದರೆ ಚೀನಾ ಡಾಲರ್‌ಗೆ ಸುಮಾರು 8.28 ಯುವಾನ್ ಅಂತ ಗಟ್ಟಿಯಾಗಿ ಹಿಡಿದಿಟ್ಟಿತ್ತು. ಯೂರೋ ಬಂದ 1999ರಿಂದ ಈಚಿನ ದಿನವಾದರೆ, ಆ ದಿನದ ಯೂರೋ–ಡಾಲರ್ ದರವನ್ನ 8.28ರಿಂದ ಗುಣಿಸಿ, ಯೂರೋ–ಯುವಾನ್ ಸಿಗುತ್ತದೆ. ಆ ವರ್ಷಗಳಲ್ಲಿ ಯುವಾನ್ ಮತ್ತು ಲೆವ್ ಎರಡು ಗೂಟಕ್ಕೆ ಕಟ್ಟಿದ ಎರಡು ಎತ್ತು, ಅಲುಗಾಡಿದ್ದು ಡಾಲರ್, ಯೂರೋ ಅನ್ನೋ ಗೂಟಗಳೇ. ಗ್ರಾಫ್ ಮೇಲೆ ಕೆಳಗೆ ಆಗಿದ್ದನ್ನ ನೋಡಿ ಆ ತಿಂಗಳು ಬೀಜಿಂಗ್‌ನಲ್ಲಿ ಏನಾಯ್ತು, ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ಏನಾಯ್ತು ಅಂತ ಹುಡುಕಿದರೆ ಏನೂ ಸಿಗಲ್ಲ. 2005ರ ಆ ಜುಲೈ ದಿನ ಚೀನಾ 8.11ಕ್ಕೆ ತಂದು ಗಂಟು ಸಡಿಲಿಸಿತು, ನಿಜವಾದ ಏರಿಳಿತ ಅಲ್ಲಿಂದ ಮುಂದೆ. 2015ರ ಆಗಸ್ಟ್ 11ರಂದು ಅವರೇ ಯುವಾನ್ ಬೆಲೆ ಇಳಿಸಿದರು, 2019ರ ಆಗಸ್ಟ್‌ನಲ್ಲಿ ಡಾಲರ್ 7 ಯುವಾನ್ ದಾಟಿತು.

ಜಾಸ್ತಿ ಜನ ಎಡವುವುದು 1999ರಲ್ಲಿ. ಆ ವರ್ಷ ಜುಲೈ 5ಕ್ಕೆ ಬಲ್ಗೇರಿಯಾ ಲೆವ್‌ನಿಂದ ಮೂರು ಸೊನ್ನೆ ತೆಗೆಯಿತು, ಹಳೇ 1000 ಲೆವ್ ಹೋಗಿ ಹೊಸ 1 ಲೆವ್ ಆಯಿತು. ಹಿಂದಿನ ವಾರದ ಕಾಗದದಲ್ಲಿ ಯುವಾನ್‌ಗೆ 230 ಲೆವ್ ಆಸುಪಾಸು ಇದ್ದದ್ದು ಮುಂದಿನ ವಾರ 0.23 ಅಂತ ಕಾಣುತ್ತದೆ. ಯಾವುದೂ ಕುಸಿದಿಲ್ಲ. ಕೋಡ್ ನೋಡಿ: ಬಿಜಿಎಲ್ ಅಂತಿದ್ದರೆ ಹಳೇದು, ಬಿಜಿಎನ್ ಅಂದರೆ ಹೊಸದು. ಕೆಲವು ಸೈಟು ಹಳೇ ಅಂಕಿಗಳನ್ನ ತಾವೇ 1000ದಿಂದ ಭಾಗಿಸಿ ತೋರಿಸುತ್ತವೆ, ಕೆಲವು ಹಾಗೇ ಬಿಡುತ್ತವೆ.

ಅದಕ್ಕೂ ಹಿಂದೆ, 1997ರ ಜುಲೈ 1ರಿಂದ, ಲೆವ್ ಜರ್ಮನಿಯ ಮಾರ್ಕ್‌ಗೆ ಕಟ್ಟಿಕೊಂಡಿತ್ತು, 1 ಮಾರ್ಕ್‌ಗೆ 1000 ಹಳೇ ಲೆವ್. ಅದರ ಹಿಂದಿನದಂತೂ ಕೇಳಲೇಬೇಡಿ. 1995ರ ಕೊನೆಗೆ ಡಾಲರ್‌ಗೆ ಸುಮಾರು 70 ಲೆವ್ ಇದ್ದದ್ದು 1997ರ ಫೆಬ್ರವರಿಯಲ್ಲಿ 3000ದ ಹತ್ತಿರ ಹೋಗಿತ್ತು. ಅಂಥ ಕಾಲದ್ದಕ್ಕೆ ತಿಂಗಳ ಸರಾಸರಿ ಹಾಕಿದರೆ ಅರ್ಥವೇ ಇಲ್ಲ, ಬಿಲ್ಲಿನ ತಾರೀಖಿನ ದರವೇ ಬೇಕು. ಚೀನಾದ ಕಡೆಯೂ 1994ರ ಜನವರಿ 1ರ ತನಕ ಎರಡೆರಡು ದರ ಇದ್ದವು. ಅವತ್ತು ಒಂದು ಮಾಡಿದಾಗ ಸರ್ಕಾರಿ ದರ ಡಾಲರ್‌ಗೆ ಸುಮಾರು 5.8 ಯುವಾನ್‌ನಿಂದ 8.7ಕ್ಕೆ ಹೋಯಿತು.

ಬ್ಯಾಂಕ್ ಪಟ್ಟಿ ನೋಡುವಾಗ ಅದು 1 ಯುವಾನ್‌ಗಾ, 10ಕ್ಕಾ, 100ಕ್ಕಾ ಅಂತ ಪಕ್ಕದ ಕಾಲಮ್ ಓದಿ. ಸಿಎನ್‌ವೈ ಅಂದರೆ ಚೀನಾದ ಒಳಗಿನ ದರ, ಸಿಎನ್‌ಎಚ್ ಅಂದರೆ ಹಾಂಗ್‌ಕಾಂಗ್ ಮುಂತಾದ ಹೊರಗಿನ ಪೇಟೆಯದ್ದು. ಎರಡೂ ಹತ್ತಿರ ಹತ್ತಿರ ಇರುತ್ತವೆ, ಆದರೆ ಒಂದೇ ಅಲ್ಲ.

2026ರ ಜನವರಿ 1ಕ್ಕೆ ಬಲ್ಗೇರಿಯಾ ಯೂರೋಗೆ ಸೇರಿತು, ಲೆವ್ ಈಗ ಹಳೇ ಕಾಗದಗಳಲ್ಲಷ್ಟೇ. ಬಾಕಿ ಲೆವ್ ಮೊತ್ತವನ್ನ ಯೂರೋಗೆ ತರುವಾಗ 1.95583ರಿಂದ ಪೂರ್ತಿಯಾಗಿ ಭಾಗಿಸಿ, 1.96 ಅಂತ ಮಾಡ್ಕೋಬೇಡಿ. 50,000 ಲೆವ್‌ಗೆ ಸರಿಯಾದ ಉತ್ತರ 25,564.59 ಯೂರೋ. 1.96 ಹಾಕಿದರೆ 25,510.20, ಅಂದರೆ 54 ಯೂರೋ ಕೈಬಿಟ್ಟ ಹಾಗೆ. ಯುರೋಪಿನ ನಿಯಮದಲ್ಲೂ ಈ ಅಂಕಿಯನ್ನ ಕತ್ತರಿಸುವಂತಿಲ್ಲ.

ಕೊನೆಗೆ ರೂಪಾಯಿ. ನಮ್ಮ ಕಸ್ಟಮ್ಸ್ ದರಪಟ್ಟಿಯಲ್ಲಿ ಯುವಾನ್ ಇರುತ್ತದೆ, ಲೆವ್ ಇರಲಿಲ್ಲ. ಹಾಗಾಗಿ ಲೆವ್ ಬಿಲ್ಲನ್ನ ಮೊದಲು ಯೂರೋಗೆ ತನ್ನಿ, ಆಮೇಲೆ ಆ ದಿನದ ಯೂರೋ–ರೂಪಾಯಿ ದರ ಹಾಕಿ. ಫೈಲ್‌ನಲ್ಲಿ ಉತ್ತರದ ಜೊತೆ ತಾರೀಖು ಮತ್ತು ಯಾವ ಬ್ಯಾಂಕಿನ ದರ ಅಂತ ಬರೆದಿಡಿ, ಆಡಿಟರ್ ಮೊದಲು ಕೇಳೋದು ಅದನ್ನೇ.