ಕುಡಿಯುವ ನೀರಿಗೂ ಬಾಗಿಲ ಚಿಲಕಕ್ಕೂ ಇರುವ ನಂಟು

ಶಾಲೆಯಲ್ಲಿ ಮಗಳು ನೀರೇ ಕುಡಿಯುವುದಿಲ್ಲ ಎಂದು ದೂರುವ ತಾಯಂದಿರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ಅಲ್ಲಿನ ಶೌಚಾಲಯವನ್ನು ಒಮ್ಮೆಯಾದರೂ ಹೋಗಿ ನೋಡಿದ್ದೀರಾ?

ನಾನು ಕಲಿಸುವುದು ಕಾಸರಗೋಡಿನ ಪೆರ್ಲ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ. 2019ರ ಕೊನೆಗೆ ಕೇರಳದ ಶಾಲೆಗಳಲ್ಲಿ, ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ ನೀರಿನ ಗಂಟೆ ಶುರುವಾದಾಗ ನಾವೂ ಬಾರಿಸತೊಡಗಿದೆವು. ಹುಡುಗರು ಗಟಗಟನೆ ಕುಡಿದರು. ಏಳನೆಯ ತರಗತಿಯ ಹುಡುಗಿಯರು ಮಾತ್ರ ಬಾಟಲಿಯನ್ನು ತುಟಿಗೆ ತಾಗಿಸಿ ಕೆಳಗಿಟ್ಟರು. ಒಬ್ಬಳನ್ನು ಬದಿಗೆ ಕರೆದು ವಿಚಾರಿಸಿದೆ.

"ಕುಡಿದರೆ ಹೋಗಬೇಕಾಗುತ್ತದೆ ಟೀಚರ್. ಅಲ್ಲಿ ಚಿಲಕ ಇಲ್ಲ" ಎಂದಳು.

ಆ ವಯಸ್ಸಿನ ಮಕ್ಕಳಿಗೆ ಆಹಾರದಲ್ಲಿರುವುದೂ ಸೇರಿ ದಿನಕ್ಕೆ ಸುಮಾರು 2 ಲೀಟರ್ ನೀರು ಬೇಕು. ನಮ್ಮದು ಬೆವರು ಆರದ ಸೀಮೆ. ಸೆಕೆಗಾಲದಲ್ಲಿ ಇನ್ನೂ ಹೆಚ್ಚು ಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿ ಒಣಗಿಸಿಕೊಂಡು, ಬಂದದ್ದನ್ನೂ ತಡೆದುಕೊಂಡು ಕುಳಿತರೆ ಮಧ್ಯಾಹ್ನಕ್ಕೆ ತಲೆನೋವು, ಪಾಠದಲ್ಲಿ ಮಂಕು, ಮಲಬದ್ಧತೆ, ಕೊನೆಗೆ ಉರಿಮೂತ್ರ. ಮೂತ್ರಕೋಶದ ಸೋಂಕಿಗೆ ಇದಕ್ಕಿಂತ ಸುಲಭದ ದಾರಿ ಬೇಡ.

ಹಾಗಾಗಿ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಾನು ಎತ್ತಿದ್ದು ನೀರಿನ ವಿಷಯವಲ್ಲ, ಬಾಗಿಲಿನ ವಿಷಯ. ಒಳಗಿನಿಂದ ಭದ್ರವಾಗಿ ಬೀಳುವ ಚಿಲಕ, ಬಕೆಟ್, ಮಗ್ಗು, ಸಾಬೂನು, ಮುಚ್ಚಳವಿರುವ ಕಸದ ಬುಟ್ಟಿ. ತೊಳೆಯುವ ಅಕ್ಕನಿಗೆ ಮಧ್ಯಾಹ್ನವೂ ಒಮ್ಮೆ ಬರಲು ಹೇಳಿ, ಅದರ ಕೂಲಿಯನ್ನು ಸಂಘವೇ ವಹಿಸಿಕೊಂಡಿತು. ತಗಲಿದ ಖರ್ಚು ವಾರ್ಷಿಕೋತ್ಸವದ ಶಾಮಿಯಾನಕ್ಕಿಂತ ಕಡಿಮೆ. ತರಗತಿಯ ನಡುವೆ ಎದ್ದು ಕೇಳಿದ ಮಗುವನ್ನು ಕಾರಣ ವಿಚಾರಿಸದೆ ಕಳುಹಿಸಬೇಕೆಂದೂ ತೀರ್ಮಾನವಾಯಿತು. ಪಾಠ ಕೆಡುತ್ತದೆ ಎಂದು ಕೆಲವರು ಗೊಣಗಿದರು. ಒತ್ತಿ ಹಿಡಿದು ಕುಳಿತ ಮಗುವಿನ ತಲೆಗೆ ಯಾವ ಪಾಠ ಹತ್ತುತ್ತದೆ?

ಆಮೇಲೆ ನೀರಿನ ರುಚಿ. ಮುರಕಲ್ಲಿನ ಗುಡ್ಡ ಕೊರೆದ ಸುರಂಗದ ತಣ್ಣೀರು ಕುಡಿದು ಬೆಳೆದ ಮಕ್ಕಳಿಗೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಸಿಯೇರಿದ ನೀರು ಸೇರದು. ಊಟ ತಯಾರಿಸುವ ಅಕ್ಕ ಈಗ ಬೆಳಿಗ್ಗೆಯೇ ಜೀರಿಗೆ ಹಾಕಿ ನೀರು ಕುದಿಸಿ, ಆರಿಸಿ, ನಲ್ಲಿಯಿರುವ ಸ್ಟೀಲ್ ಪಾತ್ರೆಯಲ್ಲಿ ತುಂಬಿಸಿಡುತ್ತಾರೆ. ಕುದಿಸುವುದನ್ನು ಮಾತ್ರ ಎಂದೂ ತಪ್ಪಿಸುವುದಿಲ್ಲ. ಕಾಮಾಲೆ ನೀರಿನಿಂದಲೂ ಹರಡುತ್ತದೆ.

ಎಷ್ಟು ಲೋಟ ಕುಡಿದಿರಿ ಎಂದು ನಾನು ಲೆಕ್ಕ ಕೇಳುವುದಿಲ್ಲ. ಮೂತ್ರ ತಿಳಿಹಳದಿಯಾಗಿದ್ದರೆ ಸಾಕು, ಕಡು ಹಳದಿಯಾದರೆ ಇನ್ನೊಂದು ಲೋಟ ಕುಡಿಯಿರಿ ಎಂದಷ್ಟೇ ಹೇಳಿಕೊಟ್ಟಿದ್ದೇನೆ. ಬೆಳಗಿನ ಮೊದಲ ಮೂತ್ರ ಗಾಢವಾಗಿಯೇ ಇರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ.

ಕಷ್ಟವಾಗುವುದು ಮಾರ್ಚ್ ತಿಂಗಳಲ್ಲಿ, ಬಾವಿಯ ನೀರು ತಳ ಕಂಡಾಗ. ಆಗ ಕುಡಿಯುವ ನೀರಿನ ಜೊತೆಗೇ ಹುಡುಗಿಯರ ಶೌಚಾಲಯದ ಡ್ರಮ್ಮನ್ನೂ ಮೊದಲು ತುಂಬಿಸುತ್ತೇವೆ. ಶಾಲೆಯ ತೋಟಕ್ಕೆ ಕೈತೊಳೆದ ನೀರು.